ಬಸ್ಸಿನ ನಂಬರು ಇರಲಿ, ಭಯ ಇಳಿಯಲಿ

ಏಪ್ರಿಲ್ 2 ಬಂದರೆ ನಾವು ಆಟಿಸಂ ಬಗ್ಗೆ ಬರೆಯುತ್ತೇವೆ. ಅಕ್ಟೋಬರ್ ಎರಡನೇ ವಾರ ಬಂದರೆ ಗೀಳು ಕಾಯಿಲೆ ಬಗ್ಗೆ ಬರೆಯುತ್ತೇವೆ. ಮೊದಲನೆಯದರಲ್ಲಿ ವಿಶೇಷ ಶಾಲೆ, ಮಾತಿನ ತರಬೇತಿ, ಅಂಗವೈಕಲ್ಯದ ಸರ್ಟಿಫಿಕೇಟು. ಎರಡನೆಯದರಲ್ಲಿ ಮತ್ತೆ ಮತ್ತೆ ಕೈ ತೊಳೆಯುವವರು, ಹಾಕಿದ ಬೀಗವನ್ನು ಹತ್ತು ಸಲ ಎಳೆದು ನೋಡುವವರು. ಈ ಎರಡೂ ಪುಟಗಳಿಗೆ ಸೇರಿದ ಮಕ್ಕಳೂ ಇದ್ದಾರೆ ಎಂಬುದು ನಮಗೆ, ಪತ್ರಿಕೆಯವರಿಗೆ, ಬಹಳ ತಡವಾಗಿ ಹೊಳೆಯಿತು. ವೈದ್ಯಲೋಕಕ್ಕೂ ಅದು ತಡವಾಗಿಯೇ ಕಂಡಿತು. ಆಟಿಸಂ ಇರುವ ಹದಿಹರೆಯದವರನ್ನು ಗೀಳು ಹಿಡಿದಾಗ, ಮಾತು ಮತ್ತು ಅಭ್ಯಾಸದ ಮೂಲಕ ನಡೆಯುವ ಮನೋಚಿಕಿತ್ಸೆ ಅವರಿಗೆ ಎಷ್ಟು ದಕ್ಕಿದೆ? ಸುಮಾರು ಆರು ದಶಕಗಳ ಈ ದಾರಿಯನ್ನು ಬೆಂಗಳೂರಿನ ಅರೆಕೆರೆಯಲ್ಲಿ ನಿಂತು ಒಮ್ಮೆ ತಿರುಗಿ ನೋಡಬೇಕೆನಿಸಿದೆ.

ಬನ್ನೇರುಘಟ್ಟ ರಸ್ತೆಯ ಅರೆಕೆರೆ ಗೇಟ್ ಸ್ಟಾಪಿನಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬ ನಿಂತಿದ್ದಾನೆ ಎಂದುಕೊಳ್ಳೋಣ. ಇವನು ಇಂಥವರ ಮನೆಯವನು ಎಂದು ಹುಡುಕಬೇಕಿಲ್ಲ. ಹಲವು ಮನೆಗಳ ಪಾಡನ್ನು ಒಟ್ಟು ಮಾಡಿ ಕಟ್ಟಿಕೊಂಡ ಚಿತ್ರ ಇದು. ಬಿಎಂಟಿಸಿ ಬಸ್ಸುಗಳೆಂದರೆ ಅವನಿಗೆ ಪ್ರಾಣ. 365 ಎಲ್ಲಿ ಹೊರಡುತ್ತದೆ, ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಒಂದೇ ಉಸಿರಿಗೆ ಹೇಳುತ್ತಾನೆ. ದಿನಕ್ಕೆ ಇಪ್ಪತ್ತು ಸಲ ಹೇಳಿದರೂ ಪ್ರತಿ ಸಲವೂ ಮುಖ ಅರಳುತ್ತದೆ. ಆದರೆ ಬಸ್ಸು ಬಂದು ಎದುರಿಗೆ ನಿಂತಾಗ ಹತ್ತಲಾರ. ಬಲಗಾಲನ್ನೇ ಮೊದಲು ಇಡಬೇಕು, ಕಂಬಿಯನ್ನು ನಾಲ್ಕು ಸಲ ಮುಟ್ಟಬೇಕು, ಅಷ್ಟರಲ್ಲಿ ಯಾರಾದರೂ ಮೈಗೆ ತಾಗಿದರೆ ಇಳಿದು ಮೊದಲಿನಿಂದ ಶುರು ಮಾಡಬೇಕು. ಹಾಗೆ ಮಾಡದಿದ್ದರೆ ಅಮ್ಮನಿಗೆ ಏನೋ ಕೆಟ್ಟದ್ದು ಆಗಿಬಿಡುತ್ತದೆ ಎಂಬ ಭಯ. ಬಸ್ಸು ಹೊರಟುಹೋಗುತ್ತದೆ. ಅವನು ಅಳುತ್ತಾ ನಿಲ್ಲುತ್ತಾನೆ. ನೋಡಿದವರು ಬಸ್ ನಂಬರಿನ ಖುಷಿಯನ್ನೂ ಕಂಬಿ ಮುಟ್ಟುವ ಸಂಕಟವನ್ನೂ ಒಂದೇ ಮಾತಿನಲ್ಲಿ ಮುಗಿಸುತ್ತಾರೆ: "ಅವನು ಹಾಗೇನೇ."

ಆ "ಹಾಗೇನೇ" ಎಂಬುದರೊಳಗೆ ಎರಡು ಬೇರೆ ಬೇರೆ ಸಂಗತಿಗಳಿವೆ. ಅವನ್ನು ಬಿಡಿಸಿ ನೋಡಲು ಕಲಿತದ್ದೇ ಇಷ್ಟು ವರ್ಷಗಳ ದೊಡ್ಡ ಗಳಿಕೆ.

ಒಂದೇ ಪದದ ಗೊಂದಲ

1943ರಲ್ಲಿ ಲಿಯೋ ಕ್ಯಾನರ್ ಅಮೆರಿಕದಲ್ಲಿ 11 ಮಕ್ಕಳನ್ನು ವರ್ಣಿಸಿ ಆಟಿಸಂಗೆ ವೈದ್ಯಶಾಸ್ತ್ರದಲ್ಲಿ ಜಾಗ ಮಾಡಿಕೊಟ್ಟರು. ಇದ್ದದ್ದು ಇದ್ದ ಹಾಗೆಯೇ ಇರಬೇಕೆಂಬ ಆ ಮಕ್ಕಳ ಹಂಬಲವನ್ನು ಹೇಳಲು ಅವರು ಬಳಸಿದ್ದು ಗೀಳಿಗೆ ಬಳಸುವ ಪದವನ್ನೇ. ಆ ಪದ ಅಲ್ಲೇ ಅಂಟಿಕೊಂಡಿತು. ಆಟಿಕೆಗಳನ್ನು ಸಾಲಾಗಿ ಜೋಡಿಸುವುದು, ದಿನವೂ ಅದೇ ದಾರಿಯಲ್ಲಿ ಹೋಗಬೇಕೆನ್ನುವುದು, ಒಂದೇ ವಿಷಯವನ್ನು ಮಾತಾಡುವುದು, ಎಲ್ಲಕ್ಕೂ ಗೀಳಿನ ಹೆಸರು ಬಂತು. ಹೀಗಾಗಿ ನಿಜವಾದ ಗೀಳು ಬಂದಾಗ ಅದು ಯಾರಿಗೂ ಬೇರೆಯಾಗಿ ಕಾಣಲಿಲ್ಲ.

ಎರಡೂ ಒಂದೇ ಅಲ್ಲ ಎಂಬುದಕ್ಕೆ ಗಟ್ಟಿ ಆಧಾರಗಳು ಸಿಗಲು ಅರ್ಧ ಶತಮಾನ ಹಿಡಿಯಿತು. 1995ರಲ್ಲಿ ಕ್ರಿಸ್ಟೋಫರ್ ಮೆಕ್‌ಡೂಗಲ್ ಮತ್ತು ಸಂಗಡಿಗರು ಆಟಿಸಂ ಇರುವ ವಯಸ್ಕರನ್ನೂ ಗೀಳು ಕಾಯಿಲೆ ಇರುವ ವಯಸ್ಕರನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಕೊಳಕಿನ ಭಯ, ಯಾರಿಗೋ ಕೇಡಾಗುತ್ತದೆಂಬ ಯೋಚನೆ, ದೇವರ ವಿಷಯದಲ್ಲಿ ತಪ್ಪಾಯಿತೆಂಬ ಕೊರಗು, ಇವೆಲ್ಲ ಗೀಳು ಕಾಯಿಲೆಯವರಲ್ಲೇ ಹೆಚ್ಚು ಕಂಡವು. ಜೋಡಿಸುವುದು, ಕೂಡಿಡುವುದು, ಮುಟ್ಟುವುದು, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು ಆಟಿಸಂನವರಲ್ಲಿ ಹೆಚ್ಚಿದ್ದವು. 2009ರಲ್ಲಿ ಇನ್ನೊಂದು ಪಾಠ ಸಿಕ್ಕಿತು. ಗೀಳಿಗೆ ಕೊಡುವ ಸಿಟಲೊಪ್ರಾಂ ಎಂಬ ಮಾತ್ರೆಯನ್ನು ಆಟಿಸಂ ಮಕ್ಕಳ ಪುನರಾವರ್ತಿತ ವರ್ತನೆಗೆ ಕೊಟ್ಟು ನೋಡಿದ ಅಧ್ಯಯನ ಅದು. 149 ಮಕ್ಕಳು ಅದರಲ್ಲಿದ್ದರು. ನಿಜವಾದ ಮಾತ್ರೆ ತಿಂದವರಿಗೂ ಹುಸಿಮಾತ್ರೆ ತಿಂದವರಿಗೂ ವ್ಯತ್ಯಾಸ ಕಾಣಲಿಲ್ಲ. ಕೈ ಬೀಸುವುದು, ಓಲಾಡುವುದು ಕಾಯಿಲೆಯ ಗೀಳಾಗಿದ್ದರೆ ಕಥೆ ಬೇರೆಯಾಗಬಹುದಿತ್ತು.

ಅಷ್ಟೇ ಮುಖ್ಯವಾದ ಇನ್ನೊಂದು ಲೆಕ್ಕ 2011ರಲ್ಲಿ ಬಂತು. 31 ಅಧ್ಯಯನಗಳ 2,121 ಮಕ್ಕಳನ್ನು ಒಟ್ಟು ಸೇರಿಸಿ ನೋಡಿದಾಗ, ಆಟಿಸಂ ಇರುವ ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ 17ರಷ್ಟು ಮಂದಿಗೆ ಗೀಳು ಕಾಯಿಲೆಯೂ ಇತ್ತು. ಅಂದರೆ ಆರರಲ್ಲಿ ಒಬ್ಬರಿಗೆ. ಇದು ಅಲ್ಲೊಂದು ಇಲ್ಲೊಂದು ಎನ್ನುವ ಸಂಗತಿಯಲ್ಲ.

ಬೇರೆ ಮಾಡಿ ನೋಡುವುದು ಹೇಗೆ? ತಡೆದರೆ ಅಳುತ್ತಾನೋ ಎಂಬ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು. ಇಷ್ಟದ ಬಸ್ ಪಟ್ಟಿಯನ್ನು ಕಿತ್ತುಕೊಂಡರೂ ಅಳುತ್ತಾನೆ, ಕಂಬಿ ಮುಟ್ಟಲು ಬಿಡದಿದ್ದರೂ ಅಳುತ್ತಾನೆ. ಕೇಳಬೇಕಾದ ಪ್ರಶ್ನೆ ಬೇರೆ. ಮಾಡುವಾಗ ಅವನಿಗೆ ಹಿತವೋ ಹಿಂಸೆಯೋ? ಹಿಂದೆ ಯಾವುದಾದರೂ ಭಯ ಇದೆಯೋ? ಈ ಕೆಲಸ ತನ್ನನ್ನು ಬಿಟ್ಟುಹೋದರೆ ಸಾಕು ಎಂದು ಅವನಿಗೆ ಅನಿಸುತ್ತಿದೆಯೋ? ಮೊದಲಿಲ್ಲದ್ದು ಈಚೆಗೆ ಹೊಸದಾಗಿ ಶುರುವಾಯಿತೋ? ಮಾತು ಕಡಿಮೆ ಇರುವ ಹುಡುಗನಿಂದ ಈ ಉತ್ತರಗಳನ್ನು ಪಡೆಯಲು ಒಂದು ಭೇಟಿ ಸಾಲದು. ಹತ್ತು ನಿಮಿಷದ ಓಪಿಡಿಯಲ್ಲಿ ಅದು ಆಗುವ ಕೆಲಸವೇ ಅಲ್ಲ.

ನಲ್ಲಿ ನಿಲ್ಲಿಸಿದ ವರ್ಷದಿಂದ

ಗೀಳಿಗೆ ಮನೋಚಿಕಿತ್ಸೆ ಇದೆ ಎಂಬ ನಂಬಿಕೆ ಹುಟ್ಟಿದ್ದು 1966ರಲ್ಲಿ. ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ, ತೊಳೆಯುವುದರಲ್ಲೇ ಬದುಕು ಕಳೆಯುತ್ತಿದ್ದ ಶಿಕ್ಷಕಿಯೊಬ್ಬರನ್ನು ಆಸ್ಪತ್ರೆಯಲ್ಲಿರಿಸಿಕೊಂಡು, ಕೋಣೆಯ ನಲ್ಲಿಯ ನೀರನ್ನೇ ನಿಲ್ಲಿಸಿದರು. ಕೊಳಕೆಂದು ಹೆದರುವ ವಸ್ತುವನ್ನು ಮುಟ್ಟಿಸಿ, ತೊಳೆಯದೆ ಇರಲು ಜೊತೆಗಿದ್ದು ನೆರವಾದರು. ಆಗುತ್ತದೆಂದು ಹೆದರಿದ ಅನಾಹುತ ಆಗಲಿಲ್ಲ. ಭಯ ತಾನಾಗಿ ಇಳಿಯಿತು. ಇಂದು ಇಆರ್‌ಪಿ ಎಂದು ಕರೆಯುವ, ಭಯವನ್ನು ಎದುರಿಸಿ ಗೀಳಿನ ಕ್ರಿಯೆಯನ್ನು ತಡೆಹಿಡಿಯುವ ಚಿಕಿತ್ಸೆಯ ಮೂಲ ಇದು. 1978ರಲ್ಲಿ ಸ್ಟ್ಯಾನ್ಲಿ ರ್‍ಯಾಕ್‌ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವ, ಕೆಟ್ಟ ಯೋಚನೆಗಳು ಆರೋಗ್ಯವಂತರ ತಲೆಗೂ ಬರುತ್ತವೆ ಎಂದು ತೋರಿಸಿದರು. ಯೋಚನೆ ಬಂದದ್ದೇ ಪಾಪ ಎಂದು ಕೊರಗುತ್ತಿದ್ದವರಿಗೆ ಅದು ದೊಡ್ಡ ಸಾಂತ್ವನ.

ಮಕ್ಕಳ ವಿಷಯದಲ್ಲಿ ಗಟ್ಟಿ ಉತ್ತರ ಸಿಕ್ಕಿದ್ದು 2004ರಲ್ಲಿ. ಅಮೆರಿಕದಲ್ಲಿ 7ರಿಂದ 17 ವಯಸ್ಸಿನ 112 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ, ಮನೋಚಿಕಿತ್ಸೆ ಮತ್ತು ಮಾತ್ರೆ ಎರಡನ್ನೂ ಪಡೆದವರಲ್ಲಿ ಶೇ 54ರಷ್ಟು, ಮನೋಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ 39ರಷ್ಟು, ಮಾತ್ರೆ ಮಾತ್ರ ತಿಂದವರಲ್ಲಿ ಶೇ 21ರಷ್ಟು ಮಂದಿ ಗೀಳಿನಿಂದ ಬಹುತೇಕ ಹೊರಬಂದರು. ಹುಸಿಮಾತ್ರೆಯಲ್ಲಿ ಅದು ಶೇ 4ನ್ನೂ ಮುಟ್ಟಲಿಲ್ಲ. ಆದರೆ ಆ ಅಧ್ಯಯನ ಆಟಿಸಂ ಇರುವ ಮಕ್ಕಳನ್ನು ಒಳಗೆ ಸೇರಿಸಿಕೊಂಡಿರಲಿಲ್ಲ. ಅರೆಕೆರೆ ಗೇಟಿನ ನಮ್ಮ ಹುಡುಗ ಆ ಬಾಗಿಲ ಹೊರಗೇ ಉಳಿದ.

ಅವನಂಥವರಿಗೆ ಬಾಗಿಲು ತೆರೆದದ್ದು ಒಬ್ಬೊಬ್ಬ ಮಗುವಿನ ಮೂಲಕ. 2003ರಲ್ಲಿ ಏಳು ವರ್ಷದ ಹುಡುಗಿಯೊಬ್ಬಳ, 2008ರಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನ ಚಿಕಿತ್ಸೆಯ ವರದಿಗಳು ಅಮೆರಿಕದಿಂದ ಬಂದವು. 2013ರಲ್ಲಿ ಬ್ರಿಟನ್ನಿನ ಏಲ್ಸಾ ರಸೆಲ್ ಮತ್ತು ಸಂಗಡಿಗರು 14 ವರ್ಷ ದಾಟಿದ 46 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಟಿಸಂಗೆ ಹೊಂದಿಸಿದ ಗೀಳಿನ ಚಿಕಿತ್ಸೆ, ಇನ್ನೊಂದಕ್ಕೆ ಆತಂಕವನ್ನು ನಿಭಾಯಿಸುವ ತರಬೇತಿ. ಮೊದಲ ಗುಂಪಿನಲ್ಲಿ ಶೇ 45ರಷ್ಟು, ಎರಡನೆಯದರಲ್ಲಿ ಶೇ 20ರಷ್ಟು ಮಂದಿಗೆ ಗಣನೀಯ ಗುಣ ಕಂಡಿತು. ಆದರೂ ಸರಾಸರಿಯಲ್ಲಿ ಎರಡು ಗುಂಪುಗಳ ಅಂತರ ಖಚಿತವಾಗಿ ಹೇಳುವಷ್ಟಿರಲಿಲ್ಲ.

2015ರ ಲಂಡನ್ ಅಧ್ಯಯನ ಕಹಿಯಾದ ಸತ್ಯವನ್ನು ಮುಂದಿಟ್ಟಿತು. ಗೀಳು ಇದ್ದ 44 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಆಟಿಸಂ ಇತ್ತು, ಅರ್ಧದಷ್ಟು ಮಂದಿಗೆ ಇರಲಿಲ್ಲ. ಚಿಕಿತ್ಸೆಯ ಕೊನೆಗೆ ಆಟಿಸಂ ಇಲ್ಲದವರಲ್ಲಿ ಶೇ 46 ಮಂದಿ ಗೀಳಿನಿಂದ ಪೂರ್ತಿ ಪಾರಾದರು; ಆಟಿಸಂ ಇದ್ದವರಲ್ಲಿ ಪಾರಾದವರು ಶೇ 9 ಮಾತ್ರ. ಅವರ ಗೀಳು ಕಡಿಮೆಯೇನೋ ಆಯಿತು, ಬಿಟ್ಟುಹೋಗಲಿಲ್ಲ. ಈ ಅಂಕಿಯನ್ನು ಓದಿ "ಇವರಿಗೆ ಮನೋಚಿಕಿತ್ಸೆ ಆಗಿಬರುವುದಿಲ್ಲ" ಎನ್ನುವವರು ಇದ್ದಾರೆ. ನಾವು ಹಾಗೆ ಓದುವುದಿಲ್ಲ. ಬೇರೆಯವರ ಅಳತೆಗೆ ಹೊಲಿದ ಅಂಗಿ ಇವರಿಗೆ ಬಿಗಿಯಾಯಿತು ಎಂದು ಓದುತ್ತೇವೆ. 2021ರಲ್ಲಿ ಅಮಿತಾ ಜಸ್ಸಿ ಮತ್ತು ಸಂಗಡಿಗರು, ಆಟಿಸಂ ಇರುವ ಹದಿಹರೆಯದವರಿಗೆಂದೇ ಬರೆದ ಕೈಪಿಡಿಯಂತೆ 34 ಮಂದಿಗೆ ಕೊಟ್ಟ ಚಿಕಿತ್ಸೆಯ ಫಲವನ್ನು ಪ್ರಕಟಿಸಿದರು. ಗೀಳು ಗಣನೀಯವಾಗಿ ಇಳಿಯಿತು, ಮೂರು ತಿಂಗಳ ನಂತರವೂ ಆ ಗುಣ ಉಳಿದಿತ್ತು. ಹೋಲಿಸಿ ನೋಡಲು ಇನ್ನೊಂದು ಗುಂಪು ಅಲ್ಲಿರಲಿಲ್ಲ, ಹಾಗಾಗಿ ಇದೇ ಕೊನೆಯ ಮಾತಲ್ಲ. ದಾರಿ ಯಾವ ಕಡೆಗೆ ಎಂಬುದು ಮಾತ್ರ ಕಂಡಿತು.

ಮಗುವಿನ ಅಳತೆಗೆ

ಹೊಂದಿಸುವುದು ಎಂದರೇನು ಎಂಬುದು ತಂದೆತಾಯಿಗೆ ಗೊತ್ತಿರಬೇಕಾದ ವಿಷಯ. ಬ್ರಿಟನ್ನಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಅದನ್ನು ಸ್ಪಷ್ಟವಾಗಿ ಪಟ್ಟಿ ಮಾಡಿತು: ಭಾವನೆಗಳನ್ನು ಗುರುತಿಸುವ ಪಾಠ ಮೊದಲು, ಬರಹ ಮತ್ತು ಚಿತ್ರ ಹೆಚ್ಚು, ನಡುನಡುವೆ ಬಿಡುವು, ಮನೆಯವರು ಜೊತೆಗೆ, ಮಗುವಿನ ಇಷ್ಟದ ವಿಷಯವನ್ನು ಚಿಕಿತ್ಸೆಯೊಳಗೆ ತರುವುದು.

ಇದನ್ನು ನಮ್ಮ ಹುಡುಗನಿಗೆ ಹಚ್ಚಿ ನೋಡೋಣ. "ಎಷ್ಟು ಭಯ ಆಗ್ತಿದೆ, ಸೊನ್ನೆಯಿಂದ ಹತ್ತರೊಳಗೆ ಹೇಳು" ಎಂದರೆ ಅವನು ಸುಮ್ಮನಿರುತ್ತಾನೆ. ಹೊಟ್ಟೆ ತೊಳಸುವುದು, ಅಂಗೈ ಬೆವರುವುದು ಭಯದ ಗುರುತು ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಬಸ್ಸಿನ ಎಂಜಿನ್ ಕಾವು ಏರುವ ಚಿತ್ರ ಬರೆದು "ಈಗ ಎಲ್ಲಿದೆ ತೋರ್ಸು" ಎಂದರೆ ಬೆರಳಿಟ್ಟು ತೋರಿಸುತ್ತಾನೆ. ಚಿಕಿತ್ಸೆಯಲ್ಲಿ ಭಯಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಮೆಟ್ಟಿಲಿನಂತೆ ಜೋಡಿಸುವ ಪದ್ಧತಿ ಇದೆ. ಅವನಿಗೆ ಆ ಮೆಟ್ಟಿಲುಗಳೆಲ್ಲ ಬಸ್ ಸ್ಟಾಪುಗಳು. ಅರೆಕೆರೆ ಗೇಟಿನಲ್ಲಿ ಕಂಬಿಯನ್ನು ನಾಲ್ಕರ ಬದಲು ಮೂರು ಸಲ ಮುಟ್ಟುವುದು. ಬಿಳೇಕಹಳ್ಳಿಗೆ ಒಂದು ಸಲ. ಗುರಪ್ಪನಪಾಳ್ಯಕ್ಕೆ ಎಡಗಾಲು ಮೊದಲು. ಜಯದೇವ ಬಂದಾಗ ಯಾರಾದರೂ ತಾಗಿದರೂ ಇಳಿಯದೆ ನಿಲ್ಲುವುದು. ಒಂದು ಸ್ಟಾಪಿನಲ್ಲಿ ಒಂದು ವಾರ ನಿಂತರೂ ತಪ್ಪಿಲ್ಲ. ದಾರಿ ಅವನಿಗೆ ಗೊತ್ತು.

ಇಲ್ಲಿ ಎಡವುವ ಜಾಗಗಳೂ ಇವೆ. ಮಕ್ಕಳ ಚಿಕಿತ್ಸೆಯಲ್ಲಿ ಗೀಳಿಗೊಂದು ಹೆಸರಿಟ್ಟು ಶತ್ರುವಿನಂತೆ ಹೊರಗೆ ನಿಲ್ಲಿಸುವುದು ರೂಢಿ. ಮಾತನ್ನು ಇದ್ದಂತೆಯೇ ಅರ್ಥ ಮಾಡಿಕೊಳ್ಳುವ ಮಗುವಿಗೆ "ನಿನ್ನ ತಲೆಯಲ್ಲಿ ಗೀಳೆಂಬ ಭೂತ ಕೂತಿದೆ" ಎಂದರೆ ಆ ರಾತ್ರಿ ಅದು ನಿದ್ದೆ ಮಾಡುವುದಿಲ್ಲ. ಇನ್ನೊಂದು, ಎಲ್ಲವನ್ನೂ ಎದುರಿಸಿ ಗೆಲ್ಲಬೇಕಾದ ಭಯ ಎಂದುಕೊಳ್ಳುವುದು. ಬನ್ನೇರುಘಟ್ಟ ರಸ್ತೆಯ ಹಾರ್ನ್ ಸದ್ದಿಗೆ ಕಿವಿ ಮುಚ್ಚಿಕೊಳ್ಳುವವನಿಗೆ ಆ ಸದ್ದು ನಿಜವಾಗಿಯೂ ನೋವು. ಅದನ್ನು ಬಲವಂತವಾಗಿ ಕೇಳಿಸುವುದು ಚಿಕಿತ್ಸೆ ಎನಿಸಿಕೊಳ್ಳುವುದಿಲ್ಲ, ಹಿಂಸೆಯಾಗುತ್ತದೆ. ಕಿವಿಯ ಮುಚ್ಚಳ ಇರಲಿ, ಕಂಬಿ ಮುಟ್ಟುವ ಲೆಕ್ಕ ಹೋಗಲಿ. ಆಸ್ಪತ್ರೆಯ ಕೋಣೆಯಲ್ಲಿ ಕಲಿತದ್ದು ಮನೆಯಲ್ಲಿ ತಾನಾಗಿ ಬರುತ್ತದೆಂಬ ನಂಬಿಕೆಯೂ ಇಲ್ಲಿ ನಡೆಯದು. ಭಯ ಎಲ್ಲಿದೆಯೋ ಅಲ್ಲಿಯೇ, ಬಚ್ಚಲಲ್ಲಿ, ಗೇಟಿನಲ್ಲಿ, ಬಸ್ಸಿನ ಮೆಟ್ಟಿಲಲ್ಲಿ ಅಭ್ಯಾಸ ಆಗಬೇಕು.

ಅರೆಕೆರೆಯಿಂದ ಲಕ್ಕಸಂದ್ರಕ್ಕೆ

ನಮ್ಮ ಊರಿನ ಕೈಯಲ್ಲಿ ಏನೂ ಇಲ್ಲ ಎನ್ನುವಂತಿಲ್ಲ. ಡೈರಿ ಸರ್ಕಲ್ ದಾಟಿದರೆ ಲಕ್ಕಸಂದ್ರದ ನಿಮ್ಹಾನ್ಸ್. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ, 1974ರಲ್ಲಿ ಈಗಿನ ಹೆಸರಿನಿಂದ ಬೆಳೆದ ಈ ಸಂಸ್ಥೆಯಲ್ಲಿ ಗೀಳು ಕಾಯಿಲೆಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ, ಮಕ್ಕಳು ಮತ್ತು ಹದಿಹರೆಯದವರಿಗೆ ಪ್ರತ್ಯೇಕ ವಿಭಾಗವಿದೆ. 2000ನೇ ಇಸವಿಯಲ್ಲೇ ಇಲ್ಲಿನ ವೈದ್ಯರು ಗೀಳು ಇರುವ 54 ಮಕ್ಕಳನ್ನು ಪರಿಶೀಲಿಸಿ, ಬಹುಪಾಲು ಮಕ್ಕಳಲ್ಲಿ ಗೀಳಿನ ಜೊತೆ ಇನ್ನೊಂದು ತೊಂದರೆಯೂ ಇರುತ್ತದೆ ಎಂದು ಬರೆದರು. ಡಾ. ವೈ.ಸಿ. ಜನಾರ್ದನ ರೆಡ್ಡಿ ಮತ್ತು ಸಹೋದ್ಯೋಗಿಗಳು 2017ರಲ್ಲಿ ಬರೆದ ಗೀಳು ಚಿಕಿತ್ಸೆಯ ಮಾರ್ಗಸೂಚಿ ದೇಶದ ಮನೋವೈದ್ಯರ ಕೈಯಲ್ಲಿದೆ.

ಅರೆಕೆರೆಯ ಮೈಕೋ ಲೇಔಟಿನಲ್ಲೇ ಡಾ. ಸಿ.ಆರ್. ಚಂದ್ರಶೇಖರ್ ಅವರ 'ಸಮಾಧಾನ' ಆಪ್ತಸಲಹಾ ಕೇಂದ್ರವಿದೆ. ನಿಮ್ಹಾನ್ಸ್‌ನಲ್ಲಿ ದಶಕಗಳ ಕಾಲ ದುಡಿದ, 2024ರಲ್ಲಿ ಪದ್ಮಶ್ರೀ ಪಡೆದ ಈ ವೈದ್ಯರು ಮನಸ್ಸಿನ ಕಾಯಿಲೆಗಳಿಗೆ ಕನ್ನಡದ ಮಾತು ಕೊಟ್ಟವರು. ಕಾಯಿಲೆಯ ಹೆಸರು ಕೇಳಿ ಮುಖ ಮುಚ್ಚಿಕೊಳ್ಳುತ್ತಿದ್ದ ಮನೆಗಳಲ್ಲಿ ಅವರ ಪುಸ್ತಕಗಳು ಅಡುಗೆಮನೆಯ ಕಪಾಟಿನವರೆಗೂ ಹೋದವು. ತರಬೇತಿ ಪಡೆದ ಸ್ವಯಂಸೇವಕರು ಉಚಿತವಾಗಿ ಕೂತು ಕೇಳುತ್ತಾರೆ ಎಂಬುದೇ ಈ ಬಡಾವಣೆಗೆ ಸಿಕ್ಕ ದೊಡ್ಡ ಆಸರೆ.

ಆಟಿಸಂ ಕಡೆಯಿಂದಲೂ ಬೆಂಗಳೂರು ಮುಂದಿತ್ತು. 1995ರಲ್ಲಿ ಆಶಾ ಸಂಸ್ಥೆ, 2000ದಲ್ಲಿ ಡಾ. ಪ್ರತಿಭಾ ಕಾರಂತರ ಕಾಮ್ ಡೀಲ್ ಶುರುವಾದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನೂ ಮಾನಸಿಕ ಕಾಯಿಲೆಯನ್ನೂ 21 ವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕೆಂದು ಹೇಳಿತು. 2022ರ ಅಕ್ಟೋಬರ್ 10ರಂದು 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಶುರುವಾಯಿತು.

ನಡುವೆ ಕೋವಿಡ್ ಬಂತು. ಇಪ್ಪತ್ತು ಸೆಕೆಂಡು ಕೈ ತೊಳೆಯಿರಿ ಎಂದು ಊರಿಗೆ ಊರೇ ಹೇಳುತ್ತಿದ್ದಾಗ, ತೊಳೆಯದಿರಲು ವರ್ಷಗಟ್ಟಲೆ ಅಭ್ಯಾಸ ಮಾಡಿದ ಮಕ್ಕಳ ಪಾಡು ಯಾರಿಗೂ ನೆನಪಾಗಲಿಲ್ಲ. ಆದರೆ ಅದೇ 2020ರಲ್ಲಿ ದೂರಚಿಕಿತ್ಸೆಗೆ ಸರ್ಕಾರದ ನಿಯಮಗಳು ಬಂದವು. ವಿಡಿಯೋ ಮೂಲಕ ಚಿಕಿತ್ಸಕರು ಮನೆಯ ವಾಶ್‌ಬೇಸಿನ್ ಪಕ್ಕಕ್ಕೇ ಬರುವಂತಾಯಿತು. ಟ್ರಾಫಿಕ್ಕು, ಗಲಾಟೆ, ಗುರುತಿಲ್ಲದ ಕಾರಿಡಾರು ಇವನ್ನೆಲ್ಲ ಸಹಿಸಲಾಗದ ಮಕ್ಕಳಿಗೆ ಇದೊಂದು ಉಳಿಸಿಕೊಳ್ಳಬೇಕಾದ ಲಾಭ.

ಬಾಕಿ ಉಳಿದದ್ದು

ಬಿಡಿಬಿಡಿಯಾಗಿ ಎಲ್ಲವೂ ಇವೆ, ಒಂದಕ್ಕೊಂದು ಕೂಡಿಕೊಂಡಿಲ್ಲ. ಗೀಳು ಬಲ್ಲವರಿಗೆ ಆಟಿಸಂ ಅಪರಿಚಿತ, ಆಟಿಸಂ ಬಲ್ಲವರಿಗೆ ಗೀಳು ಅಪರಿಚಿತ ಎಂಬ ಸ್ಥಿತಿಯಲ್ಲಿ ತಂದೆತಾಯಿ ಎರಡು ಫೈಲು ಹಿಡಿದು ಎರಡು ಸಾಲಿನಲ್ಲಿ ನಿಲ್ಲುತ್ತಾರೆ. ಎಳೆಯ ಮಕ್ಕಳ ತರಬೇತಿಗೆ ನಾವು ಕೊಟ್ಟ ಗಮನವನ್ನು ಅವರು ಹದಿಹರೆಯಕ್ಕೆ ಕಾಲಿಟ್ಟಾಗ ಕೊಡಲಿಲ್ಲ. ಗೀಳು ಹೆಚ್ಚಾಗಿ ತಲೆಯೆತ್ತುವುದು ಆ ವಯಸ್ಸಿನಲ್ಲೇ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದಿತ್ತು. ಎರಡು ಹೆಸರುಗಳ ನಡುವೆ ಸಿಕ್ಕಿಕೊಂಡ ಮಕ್ಕಳ ಅವಸ್ಥೆ ಅದಕ್ಕಿಂತ ಮೇಲಿರಲು ಸಾಧ್ಯವಿಲ್ಲ.

ಮನೆಯ ಕಡೆಯೂ ಬಾಕಿ ಇದೆ. "ಅಮ್ಮ, ನೀನು ಚೆನ್ನಾಗಿದೀಯ ಅಲ್ವಾ?" ಎಂದು ಮಗ ನಲವತ್ತನೇ ಸಲ ಕೇಳಿದಾಗ, "ಹೂಂ ಕಣೋ" ಎನ್ನದೆ ಇರಲು ಯಾವ ತಾಯಿಗೆ ಸಾಧ್ಯ? ಆದರೆ ಆ ನಲವತ್ತನೆಯ "ಹೂಂ" ಗೀಳಿಗೆ ಹಾಕಿದ ಗೊಬ್ಬರ. ಮಗುವಿನ ಬದಲು ಬಾಗಿಲು ತೆರೆಯುವ ಅಪ್ಪ, ಅವನಿಗಾಗಿ ತಟ್ಟೆಯನ್ನು ಮೂರು ಸಲ ತೊಳೆಯುವ ಅಜ್ಜಿ, ಎಲ್ಲರೂ ಮಾಡುವುದು ಪ್ರೀತಿಯಿಂದಲೇ. ಅವರನ್ನು ತಪ್ಪಿತಸ್ಥರನ್ನಾಗಿ ಮಾಡದೆ, ಒಂದೊಂದಾಗಿ ಹಿಂದೆ ಸರಿಯುವುದು ಹೇಗೆಂದು ಕಲಿಸುವುದು ಚಿಕಿತ್ಸೆಯ ಅರ್ಧ ಕೆಲಸ. ಮಡಿ-ಮೈಲಿಗೆಯ ಮನೆಗಳಲ್ಲಿ ಇನ್ನೂ ಎಚ್ಚರ ಬೇಕು. ಮಡಿಯಲ್ಲಿ ಸ್ನಾನಕ್ಕೊಂದು ಕೊನೆ ಇದೆ. ಮಿಂದು, ಮಡಿ ಉಟ್ಟು ಪೂಜೆಗೆ ಕೂತರೆ ಮನಸ್ಸು ತಿಳಿಯಾಗುತ್ತದೆ. ಗೀಳಿನ ಸ್ನಾನಕ್ಕೆ ಕೊನೆಯೇ ಇಲ್ಲ.

ಶಾಲೆಯಲ್ಲಿ ಹೆಚ್ಚುವರಿ ಸಮಯ ಕೊಡುವ ಅವಕಾಶ ಕಾನೂನಿನಲ್ಲಿದೆ. ಬರೆದದ್ದನ್ನು ಅಳಿಸಿ ಮತ್ತೆ ಬರೆಯುವ ಗೀಳು ಇರುವ ಎಸ್ಸೆಸ್ಸೆಲ್ಸಿ ಹುಡುಗಿಗೆ ಬರೀ ಸಮಯ ಕೊಟ್ಟರೆ ಅಳಿಸುವುದಕ್ಕೇ ಅದು ಖರ್ಚಾಗುತ್ತದೆ. ಅಳಿಸದೆ ಮುಂದೆ ಹೋಗುವ ಅಭ್ಯಾಸವನ್ನು ಶಿಕ್ಷಕರು ಚಿಕಿತ್ಸಕರೊಂದಿಗೆ ಸೇರಿ ತರಗತಿಯಲ್ಲೇ ಮಾಡಿಸಬೇಕು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಆಟಿಸಂ ಪತ್ತೆಯಾದ ಪ್ರತಿ ಮಗುವನ್ನು ಹದಿಹರೆಯದಲ್ಲಿ ಗೀಳಿಗಾಗಿ ಒಮ್ಮೆ ಪರಿಶೀಲಿಸಬೇಕು. ಗೀಳಿಗೆ ಬಂದ ಪ್ರತಿ ಮಗುವಿನ ಎಳವೆಯನ್ನು ವಿಚಾರಿಸಬೇಕು. ಎರಡೂ ವಿದ್ಯೆ ಬಲ್ಲ ಚಿಕಿತ್ಸಕರನ್ನು ತಯಾರು ಮಾಡಬೇಕು, ಚಿಕಿತ್ಸೆಯ ನಡುವೆ ಮಗುವಿಗೆ ಅವರು ಬದಲಾಗಬಾರದು. ಚಿತ್ರಗಳಿರುವ, ಮನೆಮಾತಿನಲ್ಲಿ ಬರೆದ ಕನ್ನಡದ ಕೈಪಿಡಿ ತಾಯಂದಿರ ಕೈಗೆ ಬರಬೇಕು. ಆಪ್ತಸಲಹಾ ಕೇಂದ್ರಗಳ ಸ್ವಯಂಸೇವಕರಿಗೆ ಗೀಳನ್ನೂ ಆಟಿಸಂ ಅನ್ನೂ ಬೇರೆ ಮಾಡಿ ನೋಡುವ ತರಬೇತಿ ಸಿಗಬೇಕು. ನಮ್ಮ ಪಾಲಿನದನ್ನೂ ಹೇಳಿಬಿಡುತ್ತೇವೆ: ಏಪ್ರಿಲ್ ಪುಟದಲ್ಲಿ ಅಕ್ಟೋಬರಿನ ಮಾತನ್ನೂ ಅಕ್ಟೋಬರ್ ಪುಟದಲ್ಲಿ ಏಪ್ರಿಲ್‌ನ ಮಾತನ್ನೂ ನಾವು ಬರೆಯುತ್ತೇವೆ.

ಮುಂದಿನ ಸಲ ಹೀಗೆ ತಿರುಗಿ ನೋಡುವಾಗ ಅಳೆಯಬೇಕಾದದ್ದು ಆ ಹುಡುಗ ಎಲ್ಲರಂತೆ ಆದನೇ ಎಂಬುದನ್ನಲ್ಲ. ಅರೆಕೆರೆ ಗೇಟಿನಲ್ಲಿ 365 ಬಂದು ನಿಂತಾಗ, ಯಾವ ಕಾಲು ಮೊದಲೆಂದು ನೋಡದೆ ಅವನು ಹತ್ತಿದನೇ? ಕಿಟಕಿ ಪಕ್ಕ ಕೂತು, ಬಿಳೇಕಹಳ್ಳಿ, ಗುರಪ್ಪನಪಾಳ್ಯ, ಜಯದೇವ ಎಂದು ಮೊದಲಿನ ಖುಷಿಯಲ್ಲೇ ಹೇಳುತ್ತಾ ಹೋದನೇ? ಅಷ್ಟಾದರೆ ಚಿಕಿತ್ಸೆ ಅವನನ್ನು ಅವನಿಗೇ ಹಿಂತಿರುಗಿಸಿದೆ ಎಂದು ಲೆಕ್ಕ.